ಸಕ್ಕರೆ ಡಬ್ಬಿಯ ಕಾವಲು

ಉಪ್ಪಾರಹಳ್ಳಿ, ತುಮಕೂರು
೨೯ ಮಾರ್ಚ್ ೨೦೨೬

ಪ್ರೀತಿಯ ಷಡಕ್ಷರಿ,

ನಾನು ಕ್ಷೇಮ. ನಿನ್ನ ಕಾಗದಕ್ಕೆ ಉತ್ತರ ಬರೆಯದೆ ಇಷ್ಟು ದಿನ ಕೂತದ್ದಕ್ಕೆ ಬೈದುಕೊಂಡಿರುತ್ತೀಯ, ಕ್ಷಮಿಸು. ನಿಮ್ಮ ಯುಗಾದಿ, ನಮ್ಮ ರಂಜಾನ್ ಬೆನ್ನುಬೆನ್ನಿಗೆ ಬಂದುಹೋದವು. ಫೋನು ಮಾಡಬಹುದಿತ್ತು. ಆದರೆ ನೀನು ಫೋನೆತ್ತಿದರೆ ಮೊದಲು ಕೇಳುವುದು "ಯಾರು?" ಎಂದು, ಕೊನೆಗೆ ಕೇಳುವುದೂ ಅದನ್ನೇ.

ನಾನು ಆಸ್ಪತ್ರೆ ಸೇರಿದ್ದ ಸುದ್ದಿ ಕುಣಿಗಲ್ಲಿನಲ್ಲಿ ನಮ್ಮ ಸಯೀದನ ಅಂಗಡಿಯಿಂದ ಹೊರಟು ನಿನ್ನ ಮನೆ ತಲುಪುವಷ್ಟರಲ್ಲಿ ಹೃದಯಾಘಾತವಾಗಿತ್ತಂತೆ. ಹೃದಯಕ್ಕೆ ಏನೂ ಆಗಿಲ್ಲ. ಆದದ್ದನ್ನು ಬರೆಯುತ್ತೇನೆ. ನಗು ಬಂದರೆ ತಡೆಯಬೇಡ, ಇಲ್ಲಿ ಎಲ್ಲರೂ ನಕ್ಕು ಮುಗಿಸಿದ್ದಾರೆ.

ನನ್ನಾಕೆ ಬೀಬಿಜಾನ್ ತೀರಿಕೊಂಡ ಮೇಲೆ ಈ ಮನೆಯಲ್ಲಿ ನನಗೆ ಸಿಕ್ಕ ಕೆಲಸವೆಂದರೆ ಮೊಮ್ಮಕ್ಕಳು. ಮಗ ಸಯೀದ್ ಅಂಗಡಿಗೆ, ಸೊಸೆ ಮಹೀನ್ ಗುಬ್ಬಿಯ ಶಾಲೆಗೆ ಪಾಠ ಮಾಡಲು ಹೊರಟರೆ ಸಂಜೆಯವರೆಗೆ ನಾವು ಮೂವರೇ. ಐಮನ್‌ಗೆ ಆರು ವರ್ಷ, ಯುಕೆಜಿ ಮುಗಿಸಿ ಮಧ್ಯಾಹ್ನಕ್ಕೇ ಬರುತ್ತಾಳೆ. ನವೀದ್‌ಗೆ ಮೂರು. ಅವನು ಎಲ್ಲಿಗೂ ಹೋಗುವುದಿಲ್ಲ, ಗೇಟು ತೆರೆದಿದ್ದರೆ ರಸ್ತೆಗೆ ಮಾತ್ರ. ಅದಕ್ಕೇ ಗೇಟಿಗೆ ಒಳಗಿನಿಂದ ಬೀಗ, ಬೀಗದ ಕೈ ನನ್ನ ಜುಬ್ಬದ ಜೇಬಿನಲ್ಲಿ. ಮಹೀನ್ ಮೊದಲಿನಿಂದಲೂ ಬೇಬಿ ಸಿಟ್ಟಿಂಗ್ ಮಾತೆತ್ತುತ್ತಿದ್ದಳು. "ನಿಮಗೆ ಸುಸ್ತಾಗುತ್ತೆ ಅಬ್ಬಾ" ಎನ್ನುತ್ತಿದ್ದಳು. ನನಗೇನು ಸುಸ್ತು ಎಂದು ನಾನು. ಆ ಇಬ್ಬರನ್ನು ಕಿತ್ತುಕೊಂಡರೆ ದಿನವೆಂಬುದನ್ನು ಏನು ಮಾಡಬೇಕೆಂದು ನನಗೆ ತಿಳಿಯದು. ಅದನ್ನು ಮಾತ್ರ ಅವಳಿಗೆ ಹೇಳಿರಲಿಲ್ಲ.

ರಂಜಾನ್ ಶುರುವಾಗುತ್ತಲೇ ಐಮನ್ ತಾನೂ ರೋಜಾ ಇಡುತ್ತೇನೆಂದು ಹಠ ಹಿಡಿದಳು. ಮೂರೂವರೆ ನಾಲ್ಕರ ಹೊತ್ತಿಗೆ ಮಸೀದಿಯಲ್ಲಿ ಕೂಗುವ ಅಜಾನ್‌ವರೆಗೆ ಉಪವಾಸ ಇದ್ದರೆ ಸಾಕೆಂದು ಅವಳಮ್ಮ ರಾಜಿ ಮಾಡಿದಳು. "ದಾದಾನೂ ಇಟ್ರೆ ಇಡ್ತೀನಿ" ಎಂದಳು ಇವಳು, ನನ್ನ ಕಿವಿಯಲ್ಲಿ. ನನ್ನ ಸಕ್ಕರೆ ಕಾಯಿಲೆಗೆ ಡಾಕ್ಟರು ಉಪವಾಸ ಕೂಡದೆಂದಿದ್ದಾರೆ. ಯಾವ ಡಾಕ್ಟರೂ ಬೇಡವೆನ್ನದ ಕಾಲದಲ್ಲೂ ನಾನು ಇಟ್ಟವನಲ್ಲ, ನಿನಗೆ ಗೊತ್ತು. ಆದರೂ ಹೂಂ ಎಂದುಬಿಟ್ಟೆ. ಬೆಳಗಿನ ಜಾವ ಎಲ್ಲರ ಜೊತೆ ಎದ್ದು ತಿಂದು ಮಾತ್ರೆ ನುಂಗುತ್ತಿದ್ದೆ. ಆಮೇಲೆ ಮಹೀನ್ ನನಗೆಂದು ಮುಚ್ಚಿಟ್ಟುಹೋದ ಅನ್ನ ನವೀದ್‌ಗೂ ಬೆಕ್ಕಿಗೂ ಹೋಗುತ್ತಿತ್ತು.

ನಾವಿಬ್ಬರೂ ಒಬ್ಬರಿಗೊಬ್ಬರು ಕಾವಲು. ಒಂದು ದಿನ ಐಮನ್ ನೀರಿನ ಡ್ರಮ್ಮಿನ ಹಿಂದೆ ಬಿಸ್ಕತ್ತಿನ ಸಮೇತ ಸಿಕ್ಕಿಬಿದ್ದಳು. ಹೊಟ್ಟೆನೋವು ದಾದಾ, ಅದಕ್ಕೇ ತಿಂದೆ ಎಂದಳು. ನಾನು ಮೇಷ್ಟರಾಗಿದ್ದವನು, ಸಿಕ್ಕ ಸಂದರ್ಭ ಬಿಡಲಿಲ್ಲ. ಹೊಟ್ಟೆನೋವು ತರಿಸುವವನು ಸೈತಾನ, ಅದು ನಿಜವಾದ ನೋವಿನ ಹಾಗೇ ಇರುತ್ತದೆ, ನಂಬಬಾರದು, ನಾನೇ ಕೈಮುಗಿದು ಕೇಳಿದರೂ ನನಗೆ ಏನೂ ಕೊಡಬೇಡ ಎಂದು ಭಾಷಣ ಮಾಡಿದೆ. ಅವಳು ಕಣ್ಣು ಮಿಟುಕಿಸದೆ ಕೇಳಿಸಿಕೊಂಡಳು. ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ಅಂಥ ವಿದ್ಯಾರ್ಥಿ ಸಿಕ್ಕಿರಲಿಲ್ಲ.

ಅದರ ಮಾರನೆಯ ಮಧ್ಯಾಹ್ನ ನವೀದ್‌ಗೆ ಹಾಲು ಕಾಯಿಸುತ್ತಿದ್ದೆ. ಕೈ ನಡುಗಲು ಶುರುವಾಯಿತು. ಜುಬ್ಬ ಬೆವರಿನಲ್ಲಿ ತೊಯ್ದುಹೋಯಿತು. ಒಲೆ ಆರಿಸಿದ್ದು ನೆನಪಿದೆ. ಆಮೇಲೆ ಗೋಡೆಗೆ ಒರಗಿ ನೆಲಕ್ಕೆ ಜಾರಿದೆ. ಮನಸ್ಸು ಮಾತ್ರ ದೂರದಲ್ಲಿ ಕೂತು, ಇದು ಸಕ್ಕರೆ ಇಳಿದಿರುವುದು, ಡಬ್ಬಿ ಕಟ್ಟೆಯ ಮೇಲಿದೆ ಎಂದು ಬೇರೆ ಯಾರದೋ ವಿಷಯವೆಂಬಂತೆ ಹೇಳುತ್ತಿತ್ತು. ಕೈಚಾಚಿದೆ. ಐಮನ್ ನನಗಿಂತ ಮೊದಲು ಡಬ್ಬಿ ಎತ್ತಿ ಎದೆಗವಚಿಕೊಂಡಳು.

"ಇಲ್ಲ ದಾದಾ. ಇನ್ನೂ ಅಜಾನ್ ಆಗಿಲ್ಲ."

"ಸಕ್ಕರೆ" ಎನ್ನಲು ಹೋದೆ. ನಾಲಿಗೆ ದಪ್ಪವಾಗಿ ಏನೋ ತೊದಲಿತು. ಕೈಮುಗಿದೆ. ಅದೇ ತಪ್ಪಾದದ್ದು.

"ನೋಡಿ, ಸೈತಾನ್ ಬಂದ! ನೀವೇ ಹೇಳಿದ್ರಲ್ಲ, ಕೈಮುಗಿದ್ರೂ ಕೊಡಬಾರ್ದು ಅಂತ!"

ನಾನು ಆಟಕ್ಕೆ ಮಲಗಿದ್ದೇನೆಂದು ತಿಳಿದ ನವೀದ್ ಪಕ್ಕದಲ್ಲೇ ಅಂಗಾತ ಮಲಗಿ, ಇಬ್ಬರ ಮೇಲೂ ಮಸಿಬಟ್ಟೆ ಹೊದಿಸಿದ. ಸಾಯುವುದಾದರೆ ಹೀಗೆ, ನಾನೇ ಹೇಳಿಕೊಟ್ಟ ಪಾಠದಿಂದ, ಮಸಿಬಟ್ಟೆಯ ಕೆಳಗೆ ಎಂದುಕೊಂಡೆ. ಹೆದರಿಕೆಯಾದದ್ದು ಅದಕ್ಕಲ್ಲ. ಗೇಟಿಗೆ ಬೀಗ ಹಾಕಿದೆ, ನಾನು ಹೋದ ಮೇಲೆ ಸಂಜೆಯವರೆಗೆ ಈ ಇಬ್ಬರೂ ನನ್ನ ಜೊತೆ ಒಳಗೇ ಇರಬೇಕಲ್ಲ ಎಂದು.

ನಾನು ಬಗ್ಗುವುದಿಲ್ಲವೆಂದು ಕಂಡು ಐಮನ್ ಡಬ್ಬಿಯ ಸಮೇತ ಹಿತ್ತಲಿಗೆ ಓಡಿದಳು, ಚಾಡಿ ಹೇಳಲು. ಪಕ್ಕದ ಮನೆಯ ಹನುಮಕ್ಕನಿಗೆ ಅರವತ್ತು ದಾಟಿದೆ. ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಹನುಮಕ್ಕಜ್ಜೀ! ನಮ್ ದಾದಾ ರೋಜಾ ಮುರೀತಾವ್ರೆ! ಬಂದು ಬೈಯಿರಿ!"

"ಮುರ್ಕೊಳ್ಲಿ ಬುಡವ್ವ, ವಯಸ್ಸಾದೋರು."

"ನೆಲದ್ ಮೇಲ್ ಬಿದ್ಕೊಂಡು ನಾಟ್ಕ ಆಡ್ತಾವ್ರೆ. ಬೆವರೂ ಬರ್ಸ್ಕೊಂಡವ್ರೆ!"

"ಬೆವರಾ?"

ಆಮೇಲೆ ಕೇಳಿದ್ದು ಸ್ಟೂಲು ಎಳೆದ ಸದ್ದು, ಗೋಡೆ ಹತ್ತುವ ಏದುಸಿರು, ನಮ್ಮ ತುಳಸಿ ಪಾಟು ಒಡೆದ ಶಬ್ದ. ತುಳಸಿ ನೆಗಡಿಗೆಂದು ಬೀಬಿಜಾನ್ ಹಾಕಿದ್ದು.

"ಅಯ್ಯೋ ಮೇಷ್ಟ್ರೇ! ನಮ್ಮೆಜಮಾನ್ರೂ ಹಿಂಗೇ ಬೆವರ್ತಿದ್ರು. ಶುಗರ್ ಇಳ್ದೈತೆ. ಡಬ್ಬಿ ಕೊಡೇ ಮಗಾ."

"ಕೊಡಲ್ಲ. ಪಾಪ ಬರುತ್ತೆ."

"ಯಾರ್ಗೆ?"

"ಕೊಟ್ಟೋರ್ಗೆ."

"ನಂಗೇ ಬರ್ಲಿ ಕಣೇ. ನಮ್ಮನೇಲಿ ಜಾಗ ಐತೆ!" ಎಂದು ಡಬ್ಬಿ ಕಿತ್ತುಕೊಂಡರು. ನುಂಗಲು ಆಗುತ್ತದಾ ಎಂದು ಕೇಳಿ, ತಲೆಯಾಡಿಸಿದ ಮೇಲೆ, ಪಾಕದಂಥ ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಜೇಬಿನಿಂದ ಬೀಗದ ಕೈ ತೆಗೆದು, ರಸ್ತೆಯಲ್ಲಿ ಆಟೋ ನಿಲ್ಲಿಸಿ, ಮಕ್ಕಳನ್ನೂ ನನ್ನನ್ನೂ ಒಂದೇ ಸಾಮಾನಿನಂತೆ ತುಂಬಿಕೊಂಡು ಆಸ್ಪತ್ರೆಗೆ ಹೊರಟರು.

ಅಲ್ಲಿ ಡಾಕ್ಟರು, "ಸದ್ಯ ಬಚಾವಾದ್ರಿ. ಸಕ್ಕರೆ ಕೊಟ್ಟಿದ್ದು ಯಾರು?" ಎಂದರು. ಐಮನ್ ಮುಂದೆ ಬಂದು, "ನಾನಂತೂ ಕೊಡ್ಲಿಲ್ಲ!" ಎಂದಳು, ಬಹುಮಾನ ಬರುತ್ತದೆಂಬ ಹಾಗೆ. ಎಲ್ಲರೂ ಅವಳ ಕಡೆ ತಿರುಗಿದರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಕುಣಿಗಲ್ಲಿನಿಂದ ಓಡಿಬಂದ ಸಯೀದ್ ಕಥೆಯೆಲ್ಲ ಕೇಳಿ ತಲೆ ಚಚ್ಚಿಕೊಂಡ. "ಅಬ್ಬಾ, ರಂಜಾನ್ ತಿಂಗಳಲ್ಲಿ ಸೈತಾನನ್ನ ಕಟ್ಟಾಕಿರ್ತಾರೆ. ಸಣ್ಣ ಮಕ್ಕಳಿಗೂ ಗೊತ್ತು. ನಿಮ್ಗೆ ಅಷ್ಟೂ ಗೊತ್ತಿಲ್ದೆ ರೋಜಾ ಬೇರೆ ಯಾಕೆ ಬೇಕಿತ್ತು?" ಭಕ್ತಿ ಎಂದರೆ ಸುಳ್ಳಾಗುತ್ತಿತ್ತು. ಇಡೀ ದಿನ ಒಬ್ಬರು ನನ್ನನ್ನೇ ನೋಡುತ್ತಿದ್ದರು, ಷಡಕ್ಷರಿ. ಅದು ರೂಢಿಯಾಗಿಬಿಟ್ಟಿತ್ತು.

ಮಹೀನ್ ಬೈಯಲಿಲ್ಲ. ಗೇಟಿನ ಬೀಗದ ಕೈ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು, ಅಷ್ಟೆ. ಈಗ ಮಕ್ಕಳು ಮುಂದಿನ ಬೀದಿಯ ಬೇಬಿ ಸಿಟ್ಟಿಂಗ್‌ಗೆ ಹೋಗುತ್ತಾರೆ. ಅವಳು ಬಹಳ ದಿನದಿಂದ ಕಾಯುತ್ತಿದ್ದ ನೆಪ ಸಿಕ್ಕಿತು ಎನ್ನು. ನಾನು ಓದುತ್ತೇನೆ, ಹೊತ್ತಿಗೆ ಸರಿಯಾಗಿ ತಿನ್ನುತ್ತೇನೆ. ಹಬ್ಬದ ದಿನ ಹನುಮಕ್ಕ ಶಾವಿಗೆಯ ಶೀರ್ ಖುರ್ಮಾ ಎರಡು ಬಟ್ಟಲು ತಿಂದು, "ಪಾಪ ಸಿಹಿಯಾಗೇ ಐತೆ ಬುಡಿ ಮೇಷ್ಟ್ರೇ" ಎಂದರು.

ನಿನ್ನ ಮೊಣಕಾಲು ಬೇಗ ಬಗ್ಗುವಂತಾಗಲಿ. ಮನೆಯವರಿಗೆ ನನ್ನ ಸಲಾಂ. ಮಕ್ಕಳು ಮೊಮ್ಮಕ್ಕಳೆಲ್ಲ ತಣ್ಣಗಿರಲಿ.

ನಿನ್ನ,
ನಜೀರ್ ಅಹಮದ್

ಮರೆತಿದ್ದು: ಮಹೀನ್ ನೆಪಕ್ಕೆ ಕಾಯುತ್ತಿದ್ದಳೆಂದು ಮೇಲೆ ಬರೆದದ್ದು ಸುಳ್ಳು. ಅವಳು ಕೆಲವು ದಿನ ರಜೆ ಹಾಕಿ, ಆಮೇಲೆ ಮಕ್ಕಳನ್ನು ಮತ್ತೆ ನನ್ನ ಹತ್ತಿರವೇ ಬಿಟ್ಟು ಹೊರಟಿದ್ದಳು. ಐಮನ್ ಚಪ್ಪಲಿ ಮೆಟ್ಟಿಕೊಂಡು ಅಮ್ಮನ ದುಪಟ್ಟಾ ಹಿಡಿದು ಗೇಟಿನಲ್ಲಿ ನಿಂತಳು. ನಾನು ಬಾಗಿಲ ಹಿಂದೆ ಇದ್ದದ್ದು ಅವಳಿಗೆ ಗೊತ್ತಿರಲಿಲ್ಲ. "ನನ್ನೂ ಕರ್ಕೊಂಡ್ಹೋಗು ಅಮ್ಮಿ. ದಾದಾ ಮತ್ತೆ ಬಿದ್ರೆ ನಿಜಾನೋ ನಾಟ್ಕಾನೋ ನಂಗೆ ಗೊತ್ತಾಗಲ್ಲ" ಎಂದಳು.