ಬಲಬದಿಯ ಮೂಲೆ

17 ನವೆಂಬರ್ 2008, ಸೋಮವಾರ. ಮಧ್ಯಾಹ್ನ 3
ಜಿಂಕೆ ಬೇಟೆ ಶುರು. ಕಾರು ಕಾರ್ಖಾನೆಯಲ್ಲಿ ಅರ್ಧ ಲೈನ್ ಖಾಲಿ. ಮಿಷಿಗನ್ನಿನ ಗಂಡಸರಿಗೆಲ್ಲ ಒಂದೇ ದಿನ ಜ್ವರ. ವರ್ಜಿಲ್ ಮಾತ್ರ ಹಾಜರ್, ನನ್ನ ಕರ್ಮ.

ಕಾರಿನ ಎಡಬದಿ ಅವನದು, ಬಲಬದಿ ನನ್ನದು. ಬಾಗಿಲಿನ ಚೌಕಟ್ಟಿಗೆ ರಬ್ಬರ್ ಪಟ್ಟಿ ಒತ್ತುವ ಕೆಲಸ, ಒಳಗೆ ನೀರು ಸೋರದಂತೆ. ನಿಮಿಷಕ್ಕೊಂದು ಕಾರು. ಸೀಟು ಇನ್ನೂ ಕೂರಿಸಿರುವುದಿಲ್ಲ, ಹಾಗಾಗಿ ದಿನವಿಡೀ ಅವನ ಮುಖ ಎದುರಿಗೆ. ಹನ್ನೊಂದು ವರ್ಷದಿಂದ ಮಾತಿಲ್ಲ. ಯೂನಿಯನ್ ಚುನಾವಣೆಯಲ್ಲಿ ನನ್ನ ಗಂಡ ರೇ ನಿಂತಾಗ, ತುಂಬಿದ ಸಭೆಯಲ್ಲಿ ಎದ್ದು "ರೇ ಕಂಪನಿಯವ್ರ ಜೇಬಲ್ಲಿದಾನೆ" ಅಂದವನು. ರೇ ಸೋತ. ರೇ ಸತ್ತಾಗ ಇವನು ಬಂದ — ನಾನು ಕೈ ಕೊಡಲಿಲ್ಲ.

ಮುಂದಿನ ಪಟ್ಟಿ ತೆಗೆಯಲು ನಾನು ಬೆನ್ನು ತಿರುಗಿಸಿದರೆ ಸಾಕು, ಡಬ್, ಡಬ್. ಸುತ್ತಿಗೆ. ಕೆರಳಿಸಲಿಕ್ಕೇ ಬಡಿಯುತ್ತಾನೆ.

ಬಲಮಣಿಕಟ್ಟು ಚಳಿಗೆ ಜೋಮು ಹಿಡಿದಿದೆ. ಆಪರೇಷನ್ ಆಗಿ ನಾಲ್ಕು ವರ್ಷ. ಆದರೂ ನನ್ನ ಕೆಲಸದ ಮೇಲೆ ಒಂದು ದೂರಿಲ್ಲ. ದೇವರು ದೊಡ್ಡವನು.

20 ನವೆಂಬರ್, ಗುರುವಾರ
ಕಂಪನಿ ಮುಳುಗುತ್ತಿದೆಯೆಂದು ದೊಡ್ಡ ಯಜಮಾನರು ಸರ್ಕಾರದ ಹತ್ತಿರ ಸಹಾಯ ಬೇಡಲು ವಾಷಿಂಗ್ಟನ್‌ಗೆ ಹೋದದ್ದು ಸ್ವಂತ ವಿಮಾನದಲ್ಲಂತೆ. ಕ್ಯಾಂಟೀನ್ ಟಿವಿ ಮುಂದೆ ಎಲ್ಲರೂ ನಕ್ಕರು. ನಗದೆ ಏನು ಮಾಡುವುದು… ಅವರು ಸೋತರೆ ಬೀದಿಗೆ ಬೀಳುವವರು ನಾವು. ಗೆಲ್ಲಲಿ ಎಂದು ಹರಕೆ ಹೊತ್ತೆ, ಬೈಯುತ್ತಲೇ.

4 ಡಿಸೆಂಬರ್, ಗುರುವಾರ
ಹೆಸರುಗಳ ಪಟ್ಟಿ ಗೋಡೆಗೆ ಹಚ್ಚಿದರು. ಎರಡನೇ ಪಾಳಿ ಪೂರ್ತಿ ಮುಚ್ಚುತ್ತದೆ. ಸೇರಿದ ದಿನಾಂಕದ ಪ್ರಕಾರ ಎಲ್ಲರಿಗೂ ನಂಬರು. 640ರ ಕೆಳಗೆ ಗೆರೆ, ಗೆರೆಯ ಕೆಳಗಿನವರಿಗೆ ಕೆಲಸವಿಲ್ಲ. ನಾನು 641.

ಮಾರ್ಚ್ 9ಕ್ಕೆ ಮೂವತ್ತು ವರ್ಷ ತುಂಬುತ್ತದೆ. ತುಂಬಿದರೆ ಪೂರ್ತಿ ಪಿಂಚಣಿ, ಬದುಕಿರುವವರೆಗೂ ಔಷಧದ ಖರ್ಚು. ತುಂಬದಿದ್ದರೆ, ಐವತ್ತೆರಡನೇ ವಯಸ್ಸಿನಲ್ಲಿ ಈ ಕೈ ಹಿಡಿದುಕೊಂಡು ಯಾರ ಬಾಗಿಲಿಗೆ?

ಯೂನಿಯನ್ನಿನ ಡೆಲ್ಬರ್ಟ್ ಪಕ್ಕಕ್ಕೆ ಕರೆದ. "ನನ್ ತಾಯಿ, ಅಳ್ಬೇಡ. ಮೇಲಿರೋರಲ್ಲಿ ಒಬ್ರು ತಾವಾಗೇ ಬಿಡ್ತೀನಂತ ಸಹಿ ಹಾಕಿದ್ರೆ ನೀನು ಗೆರೆಯಿಂದ ಮೇಲಕ್ಕೆ ಬರ್ತೀಯ."

"ಯಾರ್ ಹಾಕ್ತಾರೆ?"

"ಕೇಳ್ಬೇಡ. ಕೇಳೋ ಹಾಗಿಲ್ಲ. ಅದು ಅವರವ್ರ ಮನಸ್ಸು."

8 ಡಿಸೆಂಬರ್
ಇನ್ನೂ ಯಾರೂ ಸಹಿ ಹಾಕಿಲ್ಲ. ಆದರೂ ಹೇಳಬೇಕು — ಮಕ್ಕಳ ಹಲ್ಲು ನೆಟ್ಟಗಾದದ್ದು, ರೇಯ ಕೊನೆಯ ಹತ್ತು ತಿಂಗಳು ಆಸ್ಪತ್ರೆಯವರು ಬಿಲ್ಲು ಹಿಡಿದು ಬಾರದೆ ಇದ್ದದ್ದು, ಎಲ್ಲ ಈ ಲೈನಿನಿಂದ, ಈ ಯೂನಿಯನ್ನಿನಿಂದ. ಇಷ್ಟು ಉಂಡವಳು ಗೊಣಗಬಾರದು. ಗೊಣಗುತ್ತಿದ್ದೇನೆ.

12 ಡಿಸೆಂಬರ್, ಶುಕ್ರವಾರ. 2 ಗಂಟೆ
ಸಹಿ ಬಿತ್ತು! ವರ್ಜಿಲ್‌ನದು. ಮೂವತ್ತಾರು ವರ್ಷ ದುಡಿದವನು, ಪಿಂಚಣಿ ತಗೊಂಡು ಯಾವತ್ತೋ ಹೋಗಬಹುದಿತ್ತು. "ಕೊನೇ ಲೈಟ್ ನಾನೇ ಆರಿಸಿ ಹೋಗೋದು" ಎನ್ನುತ್ತಿದ್ದ. ಸಾಕಾಗಿರಬೇಕು.

ನಾನು ಉಳಿದೆ. ಶೌಚಾಲಯಕ್ಕೆ ಹೋಗಿ ಅತ್ತೆ. ಅವನ ಮುಖವೂ ಇನ್ನು ಕಾಣುವುದಿಲ್ಲ. ಒಂದೇ ದಿನ ಎರಡು ಹಬ್ಬ.

19 ಡಿಸೆಂಬರ್
ವರ್ಜಿಲ್‌ನ ಕೊನೆ ದಿನ. ಯಾರೋ ಜಿಂಕೆ ಮಾಂಸದ ಸಾರು ತಂದಿದ್ದರು. ಬೀಳ್ಕೊಡಲು ಲೈನಿನ ತುದಿಯಲ್ಲಿ ಸಿದ್ಧವಾದ ಕಾರುಗಳ ಹಾರ್ನ್ ಒತ್ತಿದರು. ಒಬ್ಬೊಬ್ಬರಿಗೂ ಕೈಕೊಟ್ಟುಕೊಂಡು ಬಂದ. ನಾನು ರ‍್ಯಾಕ್ ಒರೆಸುತ್ತ ನಿಂತೆ. ಹತ್ತಿರ ಬಂದು ನಿಂತ. ಹನ್ನೊಂದು ವರ್ಷದ ಮೇಲೆ ಬಾಯಿ ಬಿಟ್ಟ.

"ಕೆಳಗಿನ ಮೂಲೆ ಎಡಗೈಲಿ ಒತ್ತು, ಲೊರೆಟಾ."

ಮೂವತ್ತು ವರ್ಷ ದುಡಿದವಳಿಗೆ ಪಾಠ ಹೇಳಲು ಬಂದ. ಹೋಗುವಾಗಲೂ ಕೊಬ್ಬು ಇಳಿಯಲಿಲ್ಲ.

12 ಜನವರಿ 2009, ಸೋಮವಾರ
ರಜೆ ಮುಗಿಯಿತು. ಎಡಬದಿಗೆ ಬೇರೆ ವಿಭಾಗದಿಂದ ಬಂದವನೊಬ್ಬ. ಹತ್ತು ಗಂಟೆಗೆ ಸೂಪರ್‌ವೈಸರ್ ಓಡಿಬಂದ. ನೀರಿನ ಪರೀಕ್ಷೆಯಲ್ಲಿ ಏಳು ಕಾರು ಸೋರಿವೆ. ಏಳೂ ಬಲಬದಿ. ಏಳೂ ಕೆಳಗಿನ ಮೂಲೆ. ನನ್ನ ಮೂಲೆ.

ಮುಂದಿನ ಜಾಗದ ಟ್ರೀನಾ ನನ್ನನ್ನೇ ನೋಡುತ್ತಿದ್ದಳು.

"ಲೊರೆಟಾ, ನಿಮ್ಗೆ ನಿಜ್ವಾಗ್ಲೂ ಗೊತ್ತಿರ್ಲಿಲ್ವಾ? ನೀವು ಪಟ್ಟಿ ತಗೊಳ್ಳಕ್ಕೆ ತಿರುಗ್ದಾಗೆಲ್ಲ ವರ್ಜಿಲ್ ಒಳಗಿಂದ ಬಗ್ಗಿ ನಿಮ್ ಕಡೆ ಮೂಲೆ ಬಡೀತಿದ್ರು. ನಿಮ್ ಕೈ ಆಪರೇಷನ್ ಆದಾಗ್ನಿಂದ."

"ಹೇಳ್ಬಾರ್ದಿತ್ತೇನೇ?"

"ನಿಮ್ಗೆ ಗೊತ್ತು ಅಂದ್ಕೊಂಡಿದ್ವಿ. ಅವ್ರ ಜೊತೆ ಮಾತಾಡಲ್ಲ, ಅದಕ್ಕೇ ಸುಮ್ನಿದೀರ ಅಂತ."

ನಾಲ್ಕು ವರ್ಷ. ನಿಮಿಷಕ್ಕೊಂದು ಕಾರು. ಕೂತು ಲೆಕ್ಕ ಹಾಕಲು ಧೈರ್ಯವಿಲ್ಲ.

13 ಜನವರಿ
ಎಡಗೈಯಲ್ಲಿ ಒತ್ತಿದೆ. ಪಟ್ಟಿ ಗಟ್ಟಿಯಾಗಿ ಕೂರುತ್ತದೆ. ಒಂದೂ ಸೋರಲಿಲ್ಲ.

ವರ್ಜಿಲ್ ಯಾಕೆ ಸಹಿ ಹಾಕಿದನೆಂದು ಡೆಲ್ಬರ್ಟ್‌ನನ್ನು ಹಿಡಿದು ಕೇಳಿದೆ. ತಲೆ ಕೆರೆದುಕೊಂಡ. "ಹೇಳ್ಬೇಡ ಅಂದಿದ್ದ… ಆವತ್ತು ಬಂದು ಒಂದೇ ಮಾತು ಕೇಳ್ದ. ಗೆರೆ ಕೆಳಗೆ ಮೊದ್ಲು ಇರೋದು ಅವ್ಳೇನಾ ಅಂದ. ಹೂಂ ಅಂದೆ. ಪೆನ್ ಇಸ್ಕೊಂಡ."

19 ಜನವರಿ
ಅವನ ಮನೆ ಇಲ್ಲಿಗೆ ಆರು ಮೈಲಿ. ಅರ್ಧ ದಾರಿಯಿಂದ ವಾಪಸು ಬಂದೆ. ಸಭೆಯಲ್ಲಿ ಅಂದ ಮಾತನ್ನು ಮರೆತಿಲ್ಲ, ಮರೆಯುವುದೂ ಇಲ್ಲ. ಅದೇ ಮನುಷ್ಯ ಇದನ್ನೂ ಮಾಡಿದ. ಎರಡನ್ನೂ ಒಟ್ಟಿಗೆ ಹೇಗೆ ಇಟ್ಟುಕೊಳ್ಳುವುದು, ತಿಳಿಯುತ್ತಿಲ್ಲ.

9 ಮಾರ್ಚ್, ಸೋಮವಾರ. ಸಂಜೆ 4
ಮೂವತ್ತು ತುಂಬಿತು. ಟ್ರೀನಾ ಕೇಕ್ ತಂದಿದ್ದಳು. ಹಾರ್ನ್ ಒತ್ತಿದರು, ಕಾರು ಕಡಿಮೆ, ಸದ್ದೂ ಕಡಿಮೆ. ಪಿಂಚಣಿಯ ಕಾಗದಕ್ಕೆ ಸಹಿ ಹಾಕಿ ನೇರ ಇಲ್ಲಿಗೆ ಬಂದೆ.

ಅವನ ಮನೆ ಮುಂದೆ, ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಇಪ್ಪತ್ತು ನಿಮಿಷವಾಯಿತು. ಏನು ಹೇಳಬೇಕೆಂದು ಬರೆದುಕೊಂಡರೆ ನಾಲಗೆ ತೊದಲುವುದಿಲ್ಲವೆಂದು. ನಾಲ್ಕು ಸಲ ಬರೆದು ಹೊಡೆದುಹಾಕಿದೆ. ವರ್ಜಿಲ್, ರೇ ಬಗ್ಗೆ ನೀನು ಅಂದದ್ದು ತಪ್ಪು, ನೀನು ನನಗಾಗಿ ಮಾಡಿದ್ದನ್ನು ನನ್ನ ಮಕ್ಕಳೂ ಮಾಡುತ್ತಿರಲಿಲ್ಲ. ಇಷ್ಟೇ. ಇಷ್ಟು ಹೇಳಿದರೆ ಸಾಕು.

ಬಾಗಿಲು ತೆಗೆದ. ನನ್ನ ಕಾರು ಗುರುತಿಸಿದ. ಕೋಟಿಲ್ಲದೆ ಹಿಮದಲ್ಲಿ ಇಳಿದು ಬರುತ್ತಿದ್ದಾನೆ, ಹುಚ್ಚ ಮುದುಕ, ನೆಗಡಿ ಹಿಡಿಯುತ್ತದೆ. ನನ್ನ ಕಡೆಗೇ ಬಂದ. ಗಾಜು ಇಳಿಸಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ.