ಒಬ್ಬಳ ಒಲೆ

ತೂಬಗೆರೆ
೧೨-೫-೧೯೪೬

ತೀರ್ಥರೂಪರಾದ ಅಪ್ಪನವರಿಗೆ,

ಇವರಿಗೆ ತಂಗಿ ಲಕ್ಕಿಯನ್ನೂ ಕೊಡುವಾಗ ನನ್ನನ್ನು ಕೇಳಲಿಲ್ಲ. ಎಂಥ ಒಲೆ ಬೇಕೆಂದಾದರೂ ಕೇಳಿದಿರಲ್ಲ. ದೊಡ್ಡಬಳ್ಳಾಪುರದ ಕಬ್ಬಿಣದ ಒಲೆ ಬೇಡ, ಮಣ್ಣಿನದೇ ತನ್ನಿ. ಪಕ್ಕದಲ್ಲಿ ಸಾರಿಡುವ ಕೋಡೂ ಬೇಡ. ಒಬ್ಬಳ ಮುದ್ದೆ ಬೆಂದರೆ ಸಾಕು. ಹಿತ್ತಿಲ ಕೋಣೆಯಲ್ಲಿ ಹೂಡಬೇಕಂತೆ.

ದೊಡ್ಡ ಒಲೆ ಲಕ್ಕಿಗೇ ಇರಲಿ. ನಿನ್ನೆ ಕೆಮ್ಮಣ್ಣು ಸಾರಿಸಿದ್ದೇನೆ. ಅದರ ಬಲಗೋಡಿಗೆ ಉರಿ ತಡವಾಗಿ ಹತ್ತುತ್ತದೆ, ಅವಳಿಗೆ ನೀವೇ ಹೇಳಿ.

"ಹೊಸ ಒಲೆಗೆ ಮಕ್ಕಳಾದೋಳೇ ಬೆಂಕಿ ಹಾಕ್ಬೇಕು, ನೀನು ಮುಟ್ಬೇಡ" ಅಂದರು ಅತ್ತೆ. ಅದಕ್ಕೆ ಅಮ್ಮನನ್ನೂ ಕರೆತನ್ನಿ.

ಲಕ್ಕಿಯ ಧಾರೆಯಾದ ಮಾರನೆಯ ದಿನ ಒಲೆ ತಂದರೆ ಸಾಕು. ಅಲ್ಲಿಯವರೆಗೆ ದೊಡ್ಡ ಒಲೆ ನನ್ನದೇ. ಮದುವೆಯ ಅಡುಗೆ ನಾನೇ ಮಾಡಬೇಕಂತೆ.

ನಿಮ್ಮ ಹಿರಿಮಗಳು,
ಮುನಿಗಂಗಮ್ಮ