ಗೀರು ಬಿದ್ದ ಸಿಡಿ

ಅಪ್ಪಾ,

ನೀನು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲೇ ಬಿದ್ದಿದ್ದ ನಿನ್ನ ಸಿಡಿಗಳನ್ನು ಕಂಪ್ಯೂಟರಿಗೆ ಇಳಿಸಿ, ಮನೆಯ ಎಲ್ಲ ಸ್ಪೀಕರುಗಳಲ್ಲೂ ಕೇಳೋಣವೆಂದು ಇವತ್ತು ಸಿಡಿ ಓದುವ ಡ್ರೈವ್ ಕೊಳ್ಳಲು ಹೋಗಿದ್ದೆ. ಅಂಗಡಿಯ ಎವೆಲಿಯೊ ಎರಡನ್ನು ಮುಂದಿಟ್ಟ. "ಇದು ಚುರುಕು, ಗೀರು ಕಂಡ್ರೆ ಅದನ್ನ ಬಿಟ್ಟು ಮುಂದೆ ಹೋಗುತ್ತೆ. ಅದು ನಿಮ್ಮಪ್ಪನ ಥರ ಹಟಮಾರಿ, ಓದೋ ತನಕ ಬಿಡಲ್ಲ." ಹಟಮಾರಿಯನ್ನೇ ತಂದೆ.

ನಿನ್ನ ಹಾಗೇ ಬೀದಿಯಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಜೋಡಿಸಿ ಜನರನ್ನು ಕುಣಿಸುವ ಬಾರಾಂಕಿಯಾದ ಬೇರೆ ಪಿಕೊ ತಂಡದವರು ನೀನು ಹುಡುಕಿ ತಂದ ಹಾಡುಗಳನ್ನು ತಮ್ಮ ಬೀದಿ ಕುಣಿತದಲ್ಲಿ ಹಾಕಿಬಿಡುತ್ತಾರೆಂದು ನೀನು ಸಿಡಿಗಳ ಮೇಲಿನ ಹೆಸರುಗಳಿಗೆಲ್ಲ ಮಸಿ ಬಳಿದಿದ್ದೆಯಲ್ಲ, ಹಾಗಾಗಿ ಒಂದೊಂದನ್ನೂ ಕೇಳಿ ಕೇಳಿ ಹೆಸರು ಬರೆದೆ. ತುಂಬ ಗೀರಿದ್ದ ಒಂದು ಸಿಡಿಯ ಜೊತೆ ಯಂತ್ರ ಅರ್ಧ ಗಂಟೆ ಗುದ್ದಾಡಿತು. ಅದರಲ್ಲಿ ಹಾಡಿರಲಿಲ್ಲ. ಎಲ್ಲ ಕೋಣೆಗಳಿಂದಲೂ ಒಟ್ಟಿಗೆ ನಿನ್ನ ದನಿ ಬಂತು: "ನನ್ನ ಮಗಳು ಯಾದಿರಾ ಬಂದ್ಲು, ದಾರಿ ಬಿಡ್ರಪ್ಪ."

"ನೀನು ಯಾವತ್ತಾದ್ರೂ ಅವರ ಕುಣಿತಕ್ಕೆ ಬಂದ್ರೆ ಹಾಕೋಕೆ ಅಂತ ಮಾಡಿಟ್ಟಿದ್ರು," ಅಂದಳು ಅಮ್ಮ, ಅಡುಗೆಮನೆ ಬಾಗಿಲಲ್ಲಿ ನಿಂತು. "ಪ್ರತಿ ಶನಿವಾರ ಚೀಲದಲ್ಲಿ ಒಯ್ದು ಹಾಗೇ ವಾಪಸ್ ತರ್ತಿದ್ರು. ಗೀರಾಗದೆ ಇನ್ನೇನಾಗುತ್ತೆ."

ನಾನು ಇನ್ನೊಮ್ಮೆ ಹಾಕಿದೆ. ದಾರಿ ಬಿಡಿ ಅಂತ ನೀನು ಹೇಳಿದ ಕೂಡಲೇ ಅಮ್ಮ ಬಾಗಿಲಿಂದ ಬದಿಗೆ ಸರಿದು ನಿಂತಳು.